ಹಳೆಯ ಪೈಲಟ್ ಹೆಲ್ಮೆಟ್‌ಗೆ ಬೂಷ್ಟು, ವೈಸರ್ ಮಬ್ಬು: ಮಲೆನಾಡಿನ ಮಳೆಯಲ್ಲಿ ಉಳಿಸುವುದು ಹೇಗೆ?

ತುಂಗಾ_ತೀರ (ತೀರ್ಥಹಳ್ಳಿ)
ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡಪ್ಪ ವಾಯುಸೇನೆಯಲ್ಲಿದ್ದವರು. ಅವರ ಹತ್ತಿರ ಮಿಗ್ ಕಾಲದ ಒಂದು ರಷ್ಯನ್ ಹೆಲ್ಮೆಟ್ ಇದೆ, ಝಡ್‌ಎಸ್‌ಎಚ್-5. ಬಳಕೆಯಿಂದ ತೆಗೆದದ್ದನ್ನು ನೆನಪಿಗೆ ಅಂತ ಕೊಟ್ಟಿದ್ದರಂತೆ. ಹೊರಗೆ ಗಟ್ಟಿ ಚಿಪ್ಪು, ಒಳಗೆ ಬೇರೆಯೇ ಒಂದು ಚರ್ಮದ ಟೋಪಿ, ಗಂಟಲಿಗೆ ಕಟ್ಟುವ ಮೈಕ್, ಕಣ್ಣ ಮುಂದೆ ಇಳಿಸಿಕೊಳ್ಳುವ ಬಣ್ಣದ ವೈಸರ್, ಜೊತೆಗೆ ರಬ್ಬರಿನ ಆಕ್ಸಿಜನ್ ಮಾಸ್ಕ್.

ನಮ್ಮ ಮನೆ ತೋಟದ ನಡುವೆ. ಮಳೆಗಾಲದಲ್ಲಿ ಗೋಡೆಯೇ ಬೆವರುತ್ತದೆ. ಈ ಸಲ ಪೆಟ್ಟಿಗೆ ತೆರೆದರೆ ಚರ್ಮದ ತುಂಬಾ ಬಿಳಿ ಬೂಷ್ಟು. ವೈಸರ್ ಮೇಲೆ ಹಾಲಿನ ಹಾಗೆ ಮಬ್ಬು, ಅಂಚಿನಲ್ಲಿ ಕೂದಲೆಳೆಯಂಥ ಗೆರೆಗಳು. ಮಾಸ್ಕ್ ಮುಟ್ಟಿದರೆ ಕೈಗೆ ಅಂಟುತ್ತದೆ. ಊರಿನ ಶಾಲೆಯವರು ಮಕ್ಕಳಿಗೆ ತೋರಿಸಲು ಕೇಳಿದ್ದಾರೆ. ದೊಡ್ಡಪ್ಪನಿಗೂ ಕೊಡುವ ಆಸೆ ಇದೆ.

ಇನ್ನೊಂದು ವಿಷಯ. ಚಿಕ್ಕಪ್ಪನ ಮಗ ಪ್ಯಾರಾಮೋಟರ್ (ಬೆನ್ನಿಗೆ ಎಂಜಿನ್ ಕಟ್ಟಿಕೊಂಡು ಪ್ಯಾರಾಚೂಟ್ ಥರದ ರೆಕ್ಕೆಯಲ್ಲಿ ಹಾರುವುದು) ಕಲಿಯುತ್ತಿದ್ದಾನೆ. ರಿಪೇರಿ ಮಾಡಿ ಅದನ್ನೇ ಹಾಕಿಕೊಳ್ಳುತ್ತೇನೆ ಅನ್ನುತ್ತಾನೆ. ಇದು ಸರಿಯಾ?

ಗಾಂಧಿಬಜಾರ್_ಗೆಳೆಯ
ಮಬ್ಬಿಗೆ ಟೂತ್‌ಪೇಸ್ಟ್ ಹಚ್ಚಿ ಬಟ್ಟೆಯಲ್ಲಿ ಉಜ್ಜಿ. ಕಾರಿನ ಹೆಡ್‌ಲೈಟ್‌ಗೆ ಎಲ್ಲರೂ ಹಾಗೇ ಮಾಡುವುದು. ಹೊಸದರಂತೆ ಆಗುತ್ತದೆ.

ನಿವೃತ್ತ_ವಾಯುಸೈನಿಕ (ಭದ್ರಾವತಿ)
ದಯವಿಟ್ಟು ಟೂತ್‌ಪೇಸ್ಟ್ ಬೇಡ. ನಾನು ಸೇಫ್ಟಿ ಇಕ್ವಿಪ್‌ಮೆಂಟ್ ಸೆಕ್ಷನ್‌ನಲ್ಲಿ ಕೆಲಸ ಮಾಡಿದವನು. ಹೆಲ್ಮೆಟ್, ಮಾಸ್ಕ್, ಪ್ಯಾರಾಚೂಟ್ ನೋಡಿಕೊಳ್ಳುವುದೇ ನಮ್ಮ ಕೆಲಸವಾಗಿತ್ತು. ಟೂತ್‌ಪೇಸ್ಟ್‌ನಲ್ಲಿ ಉಜ್ಜುವ ಪುಡಿ ಇರುತ್ತದೆ. ಈಗಿನ ವೈಸರ್‌ಗಳು ಪಾಲಿಕಾರ್ಬೊನೇಟ್ ಅನ್ನುವ ಪ್ಲಾಸ್ಟಿಕ್. ಅದು ಪೆಟ್ಟು ಬಿದ್ದರೆ ಗಟ್ಟಿ, ಗೀರಿಗೆ ತುಂಬಾ ಮೆತ್ತಗೆ. ಅದಕ್ಕೇ ಮೇಲೆ ತೆಳುವಾದ ಗಟ್ಟಿ ಲೇಪ ಕೊಟ್ಟಿರುತ್ತಾರೆ. ಉಜ್ಜಿದರೆ ಮೊದಲು ಹೋಗುವುದು ಆ ಲೇಪವೇ. ಒಂದು ವಾರ ಹೊಳೆಯುತ್ತದೆ, ಆಮೇಲೆ ಬಟ್ಟೆ ತಾಗಿದರೂ ಗೀರು.

ಹೆಡ್‌ಲೈಟ್‌ನ ಹೊರಗೆ ಬೆಳಕು ಬಂದರೆ ಸಾಕು. ವೈಸರ್ ಮೂಲಕ ಒಬ್ಬರು ದೂರದ ವಸ್ತು ನೋಡಬೇಕು. ಒಂದೇ ಕಡೆ ಜಾಸ್ತಿ ಉಜ್ಜಿದರೆ ಅಲ್ಲಿ ದಪ್ಪ ಬದಲಾಗಿ ನೋಟ ಓರೆಯಾಗುತ್ತದೆ. ಸೂರ್ಯ ಎದುರಿಗೆ ಬಂದಾಗ ಪ್ರತಿ ಗೀರೂ ಹೊಳೆದು ಕಣ್ಣಿಗೆ ಹೊಡೆಯುತ್ತದೆ. ನೋಟದ ಜಾಗದಲ್ಲಿ ಗೀರು ಬಿದ್ದ ವೈಸರ್ ಬದಲಾಯಿಸುವುದೇ ದಾರಿ.

ಈಗ ತುಂಗಾ_ತೀರ ಅವರಿಗೆ. ಹಳೆ ವೈಸರ್ ಅಕ್ರಿಲಿಕ್ ಅನ್ನುವ ಇನ್ನೊಂದು ಪ್ಲಾಸ್ಟಿಕ್ ಇರಬಹುದು, ಪಾಲಿಕಾರ್ಬೊನೇಟ್ ಇರಬಹುದು. ಎರಡರಲ್ಲಿ ನಾಜೂಕಾದದ್ದು ಅಂತಲೇ ತಿಳಿದು ಕೆಲಸ ಮಾಡಿ. ಮೊದಲು ಬರೀ ನೀರು, ಧಾರಾಳವಾಗಿ ಸುರಿಯಿರಿ. ಕೈ ಹಚ್ಚಬೇಡಿ. ಗೀರು ಹಾಕುವುದು ಬಟ್ಟೆಯಲ್ಲ, ಬಟ್ಟೆಗೂ ವೈಸರ್‌ಗೂ ನಡುವೆ ಸಿಕ್ಕ ಧೂಳು. ಆಮೇಲೆ ಉಗುರು ಬೆಚ್ಚಗಿನ ನೀರಿಗೆ ಎರಡು ಹನಿ ಮಗುವಿನ ಶಾಂಪೂ ಹಾಕಿ, ಬೆರಳ ತುದಿಯಲ್ಲೇ ಮೆಲ್ಲಗೆ ತೊಳೆಯಿರಿ. ಮತ್ತೆ ನೀರು. ಮೈಕ್ರೊಫೈಬರ್ ಬಟ್ಟೆಯಿಂದ ಒತ್ತಿ ಒರೆಸಿ, ಉಜ್ಜಬೇಡಿ. ಪಂಚೆ ತುದಿ, ಪೇಪರು ಯಾವುದೂ ಬೇಡ. ನೆರಳಲ್ಲಿ ಒಣಗಿಸಿ.

ಮಬ್ಬು ಮೇಲಿನ ಕೊಳೆಯಾಗಿದ್ದರೆ ಇದರಲ್ಲೇ ಹೋಗುತ್ತದೆ. ಕೂದಲೆಳೆ ಗೆರೆಗಳು ಹೋಗುವುದಿಲ್ಲ. ಅವು ಪ್ಲಾಸ್ಟಿಕ್‌ನ ಒಳಗೇ ಬಿಟ್ಟಿರುವ ಬಿರುಕು.

ಗಾಂಧಿಬಜಾರ್_ಗೆಳೆಯ
ಶಾಲೆಯ ಕಪಾಟಿನಲ್ಲಿ ಇಡುವುದಕ್ಕೂ ಇಷ್ಟೆಲ್ಲಾ ಬೇಕಾ ಸರ್? ಮಕ್ಕಳು ಅದರ ಮೂಲಕ ನೋಡುವುದಿಲ್ಲ ಅಲ್ವಾ?

ನಿವೃತ್ತ_ವಾಯುಸೈನಿಕ (ಭದ್ರಾವತಿ)
ಕಪಾಟಿಗೇ ಇನ್ನೂ ಜಾಸ್ತಿ ಬೇಕು. ಹಾರುವ ಹೆಲ್ಮೆಟ್‌ಗೆ ಹೊಸ ವೈಸರ್ ಹಾಕಿದರೆ ಆಯಿತು. ಇದು ಹೋದರೆ ಹೋಯಿತು. 1963ರಲ್ಲಿ ಬಂದ ಮಿಗ್-21, 2025ರ ಸೆಪ್ಟೆಂಬರ್ 26ಕ್ಕೆ ಚಂಡೀಗಢದಲ್ಲಿ ಸೇವೆ ಮುಗಿಸಿತು. ಮಿಗ್-27 ಅದಕ್ಕೂ ಮೊದಲೇ, 2019ರ ಡಿಸೆಂಬರ್‌ನಲ್ಲಿ ಹೋಯಿತು. ಆ ಕಾಲದ ಸಾಮಾನು ಇನ್ನು ಬರುವುದಿಲ್ಲ.

ಜೋಗದ_ಹಾದಿ (ಸಾಗರ)
ನಾನು ಕೆಮಿಸ್ಟ್ರಿ ಪಾಠ ಮಾಡುವವಳು. ಸರ್ ಹೇಳಿದ ಗೆರೆಗಳ ಬಗ್ಗೆ ಸ್ವಲ್ಪ ಹೇಳುತ್ತೇನೆ. ಅಚ್ಚು ಹಾಕುವಾಗ, ಬಗ್ಗಿಸುವಾಗ, ಸ್ಕ್ರೂ ಬಿಗಿ ಮಾಡುವಾಗ ಪ್ಲಾಸ್ಟಿಕ್‌ನೊಳಗೆ ಒತ್ತಡ ಉಳಿದುಬಿಡುತ್ತದೆ. ಅದರ ಮೇಲೆ ತಪ್ಪು ದ್ರಾವಕ ಬಿದ್ದರೆ ಒತ್ತಡ ಇರುವ ಕಡೆಯೇ ಬಿರುಕು ತೆರೆಯುತ್ತದೆ. ಅಸಿಟೋನ್, ಥಿನ್ನರ್, ಪೆಟ್ರೋಲ್, ಅಮೋನಿಯಾ ಇರುವ ಗಾಜಿನ ಕ್ಲೀನರ್ ಇವೆಲ್ಲ ಪಾಲಿಕಾರ್ಬೊನೇಟ್‌ಗೆ ಶತ್ರು. ಅಕ್ರಿಲಿಕ್ ಆದರೆ ಸ್ಪಿರಿಟ್, ಸ್ಯಾನಿಟೈಸರ್ ಕೂಡ ಬೇಡ.

ನಮ್ಮ ಕಡೆಯವರು ಯೋಚಿಸದ ಒಂದು ವಸ್ತು ಸೊಳ್ಳೆಗೆ, ಉಂಬಳಕ್ಕೆ ಅಂತ ಹಚ್ಚುವ ಕ್ರೀಮು, ಸ್ಪ್ರೇ. ಅದರಲ್ಲಿ ಡೀಟ್ ಅನ್ನುವ ಕೀಟ ಓಡಿಸುವ ರಾಸಾಯನಿಕ ಇದ್ದರೆ ಅದೂ ಪ್ಲಾಸ್ಟಿಕ್ ಕರಗಿಸುತ್ತದೆ. ಹಚ್ಚಿದ ಕೈಯಲ್ಲಿ ವೈಸರ್ ಎತ್ತಿ ಇಳಿಸಿದರೆ ಬೆರಳಚ್ಚು ಶಾಶ್ವತ.

ಇನ್ನೊಂದು, ಸ್ಕ್ರೂ ಸಡಿಲವಾಗದಿರಲಿ ಅಂತ ಹಾಕುವ ದ್ರವ ಅಂಟು. ಲೋಹಕ್ಕೆ ಒಳ್ಳೆಯದು. ಪಾಲಿಕಾರ್ಬೊನೇಟ್‌ಗೆ ತಾಗಿದರೆ ತೂತಿನ ಸುತ್ತಲೂ ಬಿರುಕು. ವೈಸರ್ ಸ್ಕ್ರೂಗೆ ಅದನ್ನು ಬಳಸಲೇಬಾರದು. ಜಾಸ್ತಿ ಬಿಗಿಯೂ ಬೇಡ.

ನಿವೃತ್ತ_ವಾಯುಸೈನಿಕ (ಭದ್ರಾವತಿ)
ನೂರಕ್ಕೆ ನೂರು ಸರಿ ಮೇಡಂ. ತೂತಿನ ಅಂಚಿನಿಂದಲೇ ಮುಕ್ಕಾಲು ವೈಸರ್ ಹೋಗುವುದು.

ಹುಲಿಕಲ್_ಮಳೆ (ಹೊಸನಗರ)
ಬೂಷ್ಟಿನ ವಿಷಯ ನನಗೆ ಬಿಡಿ. ನಾನು ಕ್ಯಾಮೆರಾ ಇಟ್ಟುಕೊಂಡವನು. ಮಲೆನಾಡಿನಲ್ಲಿ ಲೆನ್ಸ್‌ಗೂ ಚರ್ಮಕ್ಕೂ ಒಂದೇ ಕಾಯಿಲೆ.

ಮೊದಲು ಆ ಟೋಪಿಯನ್ನು ಮನೆಯ ಹೊರಗೆ, ಮಾಡಿನ ಕೆಳಗೆ ತನ್ನಿ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಮೆತ್ತನೆ ಬ್ರಶ್‌ನಲ್ಲಿ ಬೂಷ್ಟು ತೆಗೆಯಿರಿ. ಮನೆಯೊಳಗೆ ಕೊಡವಿದರೆ ಇನ್ನೊಂದು ಕಡೆ ಬೆಳೆಯುತ್ತದೆ. ಆಮೇಲೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ ಒರೆಸಿ. ಚರ್ಮ ನೆನೆಯಬಾರದು. ಬಣ್ಣ ಬಿಡುತ್ತದಾ ಅಂತ ಒಳಗಿನ ಮೂಲೆಯಲ್ಲಿ ಮೊದಲು ನೋಡಿಕೊಳ್ಳಿ. ಫ್ಯಾನ್ ಕೆಳಗೆ ನೆರಳಲ್ಲಿ ಒಣಗಲಿ. ಬಿಸಿಲಿಗೆ ಇಟ್ಟರೆ ಚರ್ಮ ಸೆಟೆದುಕೊಂಡು ಹೊಲಿಗೆ ಎಳೆಯುತ್ತದೆ. ಕಿವಿಯ ಸ್ಪೀಕರ್, ಗಂಟಲ ಮೈಕ್‌ಗೆ ತೇವ ತಾಗದಿರಲಿ.

ಒಳಗೆ ಇಡುವಾಗ ಗಾಳಿಯ ತೇವಾಂಶ ಶೇಕಡಾ 60ಕ್ಕಿಂತ ಕೆಳಗಿರಬೇಕು. ತೇವಾಂಶ ಅಳೆಯುವ ಒಂದು ಸಣ್ಣ ಹೈಗ್ರೋಮೀಟರ್ ತಂದು ಪೆಟ್ಟಿಗೆಯೊಳಗೇ ಇಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಅದರಲ್ಲಿ ತೇವ ಹೀರುವ ಸಿಲಿಕಾ ಜೆಲ್. ಆದರೆ ಪೂರ್ತಿ ಒಣಗಿದ ಮೇಲೆ ಮಾತ್ರ ಮುಚ್ಚಿ. ತೇವ ಇರುವಾಗ ಮುಚ್ಚಿದರೆ ಒಳಗೇ ಬೆಳೆಯುತ್ತದೆ.

ಅಡಿಕೆ_ಚಪ್ಪರ (ಕೊಪ್ಪ)
ಇಷ್ಟೆಲ್ಲಾ ಎಂತಕ್ಕೆ ಮಾರಾಯ್ರೆ? ಒಲೆ ಮೇಲಿನ ಅಟ್ಟದಲ್ಲಿ ಇಡಿ. ಹೊಗೆ ತಾಗಿದರೆ ಬೂಷ್ಟು ಹತ್ತಿರ ಬರುವುದಿಲ್ಲ. ಇಲ್ಲವಾದರೆ ನಾಲ್ಕು ಡಾಂಬರು ಗುಳಿಗೆ ಹಾಕಿ. ನಮ್ಮ ಅಜ್ಜಿ ಕಾಲದಿಂದ ರೇಷ್ಮೆ ಸೀರೆ ಹಾಗೇ ಉಳಿದಿದೆ.

ಜೋಗದ_ಹಾದಿ (ಸಾಗರ)
ಸೀರೆಗೆ ಸರಿ. ಹೆಲ್ಮೆಟ್‌ಗೆ ಡಾಂಬರು ಗುಳಿಗೆ ಬೇಡವೇ ಬೇಡ. ಅದು ನ್ಯಾಫ್ತಲೀನ್. ಅದರ ಆವಿ ಪಾಲಿಸ್ಟೈರೀನ್‌ನೊಳಗೆ ಇಳಿದು ಮೆತ್ತಗೆ ಮಾಡುತ್ತದೆ. ಈಗಿನ ಹೆಲ್ಮೆಟ್‌ಗಳಲ್ಲಿ ಪೆಟ್ಟು ತಡೆಯುವುದು ಒಳಗಿನ ಥರ್ಮಾಕೋಲ್, ಅದು ಪಾಲಿಸ್ಟೈರೀನ್ ನೊರೆಯೇ. ಮುಚ್ಚಿದ ಪೆಟ್ಟಿಗೆಯಲ್ಲಿ ಗುಳಿಗೆ ಜೊತೆ ಒಂದು ಮಳೆಗಾಲ ಇಟ್ಟರೆ ಹೊರಗಿನಿಂದ ಏನೂ ಕಾಣುವುದಿಲ್ಲ, ಒಳಗೆ ಹಾಳಾಗಿರುತ್ತದೆ. ಮನೆಯಲ್ಲಿ ಬೈಕ್ ಹೆಲ್ಮೆಟ್ ಬೀರುವಿನೊಳಗೆ ಇಡುವವರೂ ಇದನ್ನು ನೆನಪಿಡಿ.

ಅಡಿಕೆ_ಚಪ್ಪರ (ಕೊಪ್ಪ)
ಇದು ಗೊತ್ತಿರಲಿಲ್ಲ ಮೇಡಂ. ಅಟ್ಟವಾದರೂ ಆಗಬಹುದಾ?

ಹುಲಿಕಲ್_ಮಳೆ (ಹೊಸನಗರ)
ಅದೂ ಬೇಡ. ಹೊಗೆಯ ಜಿಡ್ಡು ವೈಸರ್ ಮೇಲೆ ಕೂತರೆ ಬಿಡುವುದಿಲ್ಲ. ಬಿಸಿಗೆ ಅಂಟು ಬಿಡುತ್ತದೆ, ರಬ್ಬರು ಸತ್ತುಹೋಗುತ್ತದೆ. ಮಲಗುವ ಕೋಣೆಯ ಒಳಗೋಡೆ ಕಡೆಯ ಕಪಾಟು ಒಳ್ಳೆಯದು. ಮಳೆ ಹೊಡೆಯುವ ಗೋಡೆಗೆ ತಾಗಿಸಬೇಡಿ.

ಬುಲೆಟ್_ಸವಾರ (ಶಿವಮೊಗ್ಗ)
ಆ ಹೆಲ್ಮೆಟ್ ಹಾಕಿಕೊಂಡು ಆಗುಂಬೆ ಘಾಟಿ ಇಳಿದರೆ ಹೇಗಿರುತ್ತದೆ! 14 ತಿರುವಿನಲ್ಲೂ ಜನ ನಿಂತು ನೋಡುತ್ತಾರೆ. ಮಿಗ್‌ಗೆ ಸಾಕಾದದ್ದು ಬುಲೆಟ್‌ಗೆ ಸಾಲದಾ?

ನಿವೃತ್ತ_ವಾಯುಸೈನಿಕ (ಭದ್ರಾವತಿ)
ಸಾಲುವುದಿಲ್ಲ. ಬೈಕ್‌ಗೆ ಭಾರತೀಯ ಮಾನದಂಡ ಐಎಸ್ 4151 ಪ್ರಕಾರ ಮಾಡಿದ ಐಎಸ್ಐ ಗುರುತಿನ ಹೆಲ್ಮೆಟ್ ಬೇಕು, 2021ರ ಜೂನ್ 1ರಿಂದ ಅದು ಕಡ್ಡಾಯ. ಪೈಲಟ್ ಹೆಲ್ಮೆಟ್ ಮಾಡುವುದು ಬೇರೆ ಅಪಾಯಕ್ಕೆ: ಕಾಕ್‌ಪಿಟ್‌ನಲ್ಲಿ ತಲೆ ಹೊಡೆದುಕೊಳ್ಳುವುದು, ವಿಮಾನದಿಂದ ಹೊರಗೆ ಜಿಗಿಯುವಾಗ ಮುಖಕ್ಕೆ ಅಪ್ಪಳಿಸುವ ಗಾಳಿ, ಮಾಸ್ಕ್ ಮತ್ತು ರೇಡಿಯೋ ಹಿಡಿದುಕೊಳ್ಳುವುದು. ಡಾಂಬರು ರಸ್ತೆಗೆ ಗದ್ದ ಉಜ್ಜಿಕೊಂಡು ಹೋಗುವುದಕ್ಕೆ ಅಲ್ಲ. ಆ ಬಣ್ಣದ ವೈಸರ್ ಇಳಿಸಿಕೊಂಡು ಆಗುಂಬೆಯ ಮಂಜಿನಲ್ಲಿ ಹೋದರೆ ಎದುರಿನ ಬಸ್ಸೂ ಕಾಣುವುದಿಲ್ಲ.

ಬುಲೆಟ್_ಸವಾರ (ಶಿವಮೊಗ್ಗ)
ಸರಿ ಸರ್, ಒಪ್ಪಿದೆ.

ಸೋಗಾನೆ_ರನ್‌ವೇ
ವಿಷಯ ಸ್ವಲ್ಪ ಪಕ್ಕಕ್ಕೆ ಹೋಗುತ್ತದೆ, ಕ್ಷಮಿಸಿ. 2023ರ ಫೆಬ್ರವರಿ 27ಕ್ಕೆ ನಮ್ಮ ಸೋಗಾನೆಯಲ್ಲಿ ಕುವೆಂಪು ಹೆಸರಿನ ವಿಮಾನ ನಿಲ್ದಾಣ ತೆರೆಯಿತು. 3,200 ಮೀಟರ್ ರನ್‌ವೇ. ಅವತ್ತಿನಿಂದ ನಮ್ಮ ಬೀದಿಯ ಮಕ್ಕಳೆಲ್ಲ ಪೈಲಟ್ ಆಗುತ್ತೇವೆ ಅನ್ನುತ್ತಾರೆ. ಅವರು ನೋಡುವುದು ಪ್ರಯಾಣಿಕರ ವಿಮಾನ, ಅದರ ಪೈಲಟ್ ಕಿವಿಗೆ ಹೆಡ್‌ಸೆಟ್ ಮಾತ್ರ ಹಾಕುತ್ತಾರೆ. ಇಂಥ ಹೆಲ್ಮೆಟ್ ಹತ್ತಿರದಿಂದ ಕಂಡರೆ ಅವರ ಕಣ್ಣು ಅರಳುತ್ತದೆ. ಶಾಲೆಗೆ ಕೊಡುವ ಯೋಚನೆ ಬಹಳ ಒಳ್ಳೆಯದು. ಶಿವಮೊಗ್ಗದ ಶಾಲೆಗಳಿಗೂ ಒಂದು ದಿನ ತನ್ನಿ.

ಅಡಿಕೆ_ಚಪ್ಪರ (ಕೊಪ್ಪ)
ವೈಸರ್ ಮಾತು ಬಂತಲ್ಲ, ನನ್ನದೂ ಒಂದು ಪ್ರಶ್ನೆ. ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವಾಗ ನಮ್ಮ ಹುಡುಗರು ಮುಖಕ್ಕೆ ಪ್ಲಾಸ್ಟಿಕ್ ಶೀಲ್ಡ್ ಹಾಕುತ್ತಾರೆ. ಒಂದೇ ಹಂಗಾಮಿನಲ್ಲಿ ಬೆಳ್ಳಗಾಗುತ್ತದೆ. ಮೇಲೆ ನೋಡಿ ಗೊನೆ ಕಾಣದೆ ಕೊನೆಗೆ ಶೀಲ್ಡ್ ತೆಗೆದೇ ಹೊಡೆಯುತ್ತಾರೆ. ಔಷಧಿ ಕಣ್ಣಿಗೆ ಬೀಳುತ್ತದೆ.

ಜೋಗದ_ಹಾದಿ (ಸಾಗರ)
ಅಣ್ಣ, ಬೋರ್ಡೋದಲ್ಲಿ ಮೈಲುತುತ್ತದ ಜೊತೆ ಸುಣ್ಣ ಇದೆಯಲ್ಲ. ಸುಣ್ಣ ಕ್ಷಾರ. ಪಾಲಿಕಾರ್ಬೊನೇಟ್‌ಗೆ ಕ್ಷಾರ ಆಗುವುದಿಲ್ಲ. ಒಣಗಿದ ಮೇಲೆ ಕೆರೆದರೆ ಸುಣ್ಣದ ಕಣವೇ ಗೀರು ಹಾಕುತ್ತದೆ. ಒಂದು ಕೊಡ ನೀರು ತೋಟದಲ್ಲೇ ಇರಲಿ. ಔಷಧಿ ಒಣಗುವ ಮೊದಲು ನೀರು ಸುರಿದುಬಿಡಿ. ಒಣಗಿಹೋದರೆ ನೀರು ಬೆರೆಸಿದ ವಿನೆಗರ್ ಸ್ವಲ್ಪ ಹೊತ್ತು ಹಾಕಿ ಸುಣ್ಣ ಕರಗಿಸಿ, ಆಮೇಲೆ ತೊಳೆಯಿರಿ. ಬದಲಿ ಹಾಳೆ ಸಿಗುವ ಶೀಲ್ಡ್ ತಂದರೆ ಹಂಗಾಮಿಗೊಂದು ಹಾಳೆ ಬದಲಾಯಿಸಬಹುದು. ಕಣ್ಣಿನ ವಿಷಯದಲ್ಲಿ ಖರ್ಚು ನೋಡಬೇಡಿ, ದಯವಿಟ್ಟು.

ಅಡಿಕೆ_ಚಪ್ಪರ (ಕೊಪ್ಪ)
ಕೊಡ ನೀರಿನದು ನಾಳೆಯಿಂದಲೇ ಮಾಡಿಸುತ್ತೇನೆ.

ಮೋಡದ_ಮೇಲೆ
ನಾನೇ ಆ ಚಿಕ್ಕಪ್ಪನ ಮಗ. ಅಣ್ಣ ಇಲ್ಲಿ ಬರೆದದ್ದು ಈಗ ನೋಡಿದೆ. ನನ್ನ ಮಾತನ್ನೂ ಕೇಳಿ. ಚಿಪ್ಪು ಪೂರಾ ಗಟ್ಟಿಯಾಗಿದೆ, ಎಲ್ಲೂ ಒಡೆದಿಲ್ಲ. ಪಟ್ಟಿ ಹೊಸದು ಹೊಲಿಸುತ್ತೇನೆ. ಒಳಗೆ ಹೊಸ ಫೋಮ್ ಅಂಟಿಸಿ, ಮೇಲೆ ಬಣ್ಣ ಹೊಡೆದರೆ ಏನು ತೊಂದರೆ? ಪ್ಯಾರಾಮೋಟರ್ ಗಂಟೆಗೆ 50 ಕಿಲೋಮೀಟರ್ ಹೋದರೆ ಹೆಚ್ಚು. ದೊಡ್ಡಪ್ಪನ ಹೆಲ್ಮೆಟ್ ಹಾಕಿಕೊಂಡು ಹಾರಬೇಕು ಅಂತ ಚಿಕ್ಕಂದಿನ ಆಸೆ.

ನಿವೃತ್ತ_ವಾಯುಸೈನಿಕ (ಭದ್ರಾವತಿ)
ಮಗಾ, ಆಸೆ ಅರ್ಥವಾಗುತ್ತದೆ. ಆದರೂ ಬೇಡ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

ಚಿಪ್ಪಿನ ಕೆಲಸ ಪೆಟ್ಟನ್ನು ಹರಡುವುದು, ಚೂಪಾದದ್ದು ಒಳಗೆ ಬರದಂತೆ ತಡೆಯುವುದು. ತಲೆ ನಿಲ್ಲುವ ವೇಗವನ್ನು ನಿಧಾನ ಮಾಡುವುದು ಒಳಗಿನ ಪದರ. ಈಗಿನ ಹೆಲ್ಮೆಟ್‌ನ ಥರ್ಮಾಕೋಲ್ ತಾನು ಜಜ್ಜಿಹೋಗಿ ತಲೆ ಉಳಿಸುತ್ತದೆ. ಒಂದು ಸಲ ಜಜ್ಜಿದರೆ ಮತ್ತೆ ಉಬ್ಬುವುದಿಲ್ಲ, ಅದಕ್ಕೇ ದೊಡ್ಡ ಪೆಟ್ಟು ಬಿದ್ದ ಹೆಲ್ಮೆಟ್ ಹೊರಗೆ ಚೆನ್ನಾಗಿದ್ದರೂ ತೆಗೆದುಹಾಕುತ್ತಾರೆ. ಅಂಗಡಿಯಲ್ಲಿ ಸಿಗುವ ಹಾಸಿಗೆ ಫೋಮ್ ಆ ಕೆಲಸ ಮಾಡುವುದಿಲ್ಲ. ಅದು ಬೆರಳಿಗೆ ಮೆತ್ತಗೆ, ಜೋರು ಪೆಟ್ಟು ಬಿದ್ದರೆ ತಳ ಮುಟ್ಟಿ ತಲೆಗೆ ನೇರ ಬಡಿಯುತ್ತದೆ.

ಚಿಪ್ಪು ಗಟ್ಟಿ ಅಂತ ಕೈಯಲ್ಲಿ ತಟ್ಟಿ ಹೇಳಲಾಗುವುದಿಲ್ಲ. ಫೈಬರ್ ಪದರಗಳು ಒಳಗೇ ಬಿಟ್ಟಿರಬಹುದು. ನಾವು ನಾಣ್ಯದಿಂದ ಬೆರಳಗಲಕ್ಕೊಮ್ಮೆ ತಟ್ಟುತ್ತಾ ಹೋಗುತ್ತಿದ್ದೆವು. ಸರಿ ಇರುವ ಕಡೆ ಟಣ್ ಅನ್ನುತ್ತದೆ, ಪದರ ಬಿಟ್ಟ ಕಡೆ ಮಂದವಾಗಿ ಕೇಳುತ್ತದೆ. ಅಂಥದ್ದು ಸಿಕ್ಕಿದರೆ ತಲೆಗೆ ಹಾಕುವ ಮಾತೇ ಇಲ್ಲ. ಸಿಗದೇ ಇದ್ದರೂ ಇದು ಬಳಕೆಯಿಂದ ತೆಗೆದ ವಸ್ತು. ತೆಗೆದವರಿಗೆ ಕಾರಣ ಇತ್ತು.

ಬಣ್ಣವೂ ಬೇಡ. ಬಣ್ಣದ ಥಿನ್ನರ್ ಕೆಲವು ಚಿಪ್ಪಿಗೆ ವಿಷ. ಹೊಡೆಯುವ ಮೊದಲು ಮರಳುಕಾಗದ ಉಜ್ಜಿದರೆ ಫೈಬರ್ ಎಳೆಯೇ ಕತ್ತರಿಸುತ್ತದೆ. ಬಿರುಕು ಇದ್ದರೆ ಬಣ್ಣದ ಕೆಳಗೆ ಅಡಗುತ್ತದೆ. ಪಟ್ಟಿ ಕೂಡ ಯಾರೋ ಹೊಲಿದದ್ದು ಆಗುವುದಿಲ್ಲ. ಬೀಳುವಾಗ ತಲೆಯಿಂದ ಹಾರಿಹೋದ ಹೆಲ್ಮೆಟ್ ಇದ್ದೂ ಇಲ್ಲದ ಹಾಗೆ.

ವೇಗ ಕಡಿಮೆ ಅಂದಿರಿ. ಹತ್ತು ಅಡಿಯಿಂದ ಬಂಡೆಗೆ ಬಿದ್ದರೂ ತಲೆ ಒಡೆಯಲು ಸಾಕು.

ಮೋಡದ_ಮೇಲೆ
ನೊರೆ, ಫೋಮ್ ವಿಷಯ ಒಪ್ಪುತ್ತೇನೆ ಸರ್. ಹಾಗಾದರೆ ಏನು ತಗೊಳ್ಳಲಿ?

ನಿವೃತ್ತ_ವಾಯುಸೈನಿಕ (ಭದ್ರಾವತಿ)
ಇಎನ್ 966 ಅಂತ ಒಂದು ಮಾನದಂಡ ಇದೆ. ಪ್ಯಾರಾಗ್ಲೈಡಿಂಗ್, ಪ್ಯಾರಾಮೋಟರ್ ಥರದ ಹಾರಾಟದ ಹೆಲ್ಮೆಟ್‌ಗಳಿಗೇ ಮಾಡಿದ್ದು. ಒಳಗೆ ಆ ಚೀಟಿ ನೋಡಿ ಕೊಳ್ಳಿ. ಬೆನ್ನ ಹಿಂದೆಯೇ ಎಂಜಿನ್ ಇರುವುದರಿಂದ ಕಿವಿಗೆ ಶಬ್ದ ತಡೆಯುವ ಕಪ್ ಇರುವುದೇ ಬೇಕು. ಸೆಕೆಂಡ್‌ಹ್ಯಾಂಡ್ ಬೇಡ, ಅದು ಎಲ್ಲಿ ಬಿದ್ದಿತ್ತು ಅಂತ ಮಾರುವವರು ಹೇಳುವುದಿಲ್ಲ.

ಸರ್ಕ್ಯೂಟ್_ಶಿವಮೊಗ್ಗ
ಎಲೆಕ್ಟ್ರಾನಿಕ್ಸ್ ಬಗ್ಗೆ ಯಾರೂ ಮುಟ್ಟಲಿಲ್ಲ. ಆ ಹಳೆಯ ಹೆಲ್ಮೆಟ್‌ನ ಮೈಕ್ ತೆಗೆದು ಹೊಸದಕ್ಕೆ ಹಾಕುವ ಯೋಚನೆ ಇದ್ದರೆ ಬಿಟ್ಟುಬಿಡಿ. ಸೇನೆಯ ಹೆಲ್ಮೆಟ್‌ಗಳ ಸ್ಪೀಕರ್, ಮೈಕ್‌ಗಳ ಇಂಪೀಡೆನ್ಸ್ (ವಿದ್ಯುತ್ ಸಂಕೇತಕ್ಕೆ ಇರುವ ತಡೆ, ಓಮ್‌ನಲ್ಲಿ ಅಳೆಯುವುದು) ನಾಗರಿಕ ರೇಡಿಯೋಗಳಿಗೆ ಹೊಂದುವುದಿಲ್ಲ. ಸಣ್ಣ ವಿಮಾನಗಳ ಹೆಡ್‌ಸೆಟ್ 300 ಓಮ್ ಆಸುಪಾಸು, ಎರಡು ಬೇರೆ ಪ್ಲಗ್. ಹೆಲಿಕಾಪ್ಟರ್‌ನಲ್ಲಿ ಒಂದೇ ದಪ್ಪ ಪ್ಲಗ್, ಯು-174. ಪ್ಲಗ್ ಕತ್ತರಿಸಿ ಬೇರೆ ಬೆಸುಗೆ ಹಾಕಿದರೆ ತಂತಿ ಸೇರುತ್ತದೆ, ಮಾತು ಸರಿಯಾಗಿ ಕೇಳುವುದಿಲ್ಲ. ಹಳೆಯ ಪ್ಲಗ್ ಹಾಗೇ ಇರಲಿ. ಅದನ್ನು ನೋಡಿದರೆ ಮಕ್ಕಳಿಗೂ ಕುತೂಹಲ.

ತಂತಿಯ ತುದಿಯಲ್ಲಿ ಹಸಿರು ಕಿಲುಬು ಇದ್ದರೆ ಒಣ ಹಲ್ಲುಜ್ಜುವ ಬ್ರಶ್ ಸಾಕು.

ತುಂಗಾ_ತೀರ (ತೀರ್ಥಹಳ್ಳಿ)
ಎಲ್ಲರಿಗೂ ತುಂಬಾ ಧನ್ಯವಾದ. ವೈಸರ್ ಸರ್ ಹೇಳಿದ ಹಾಗೇ ತೊಳೆದೆ. ಮಬ್ಬು ಬಹುಪಾಲು ಕೊಳೆಯೇ ಆಗಿತ್ತು. ಗೆರೆಗಳು ಅಂಚಿನಲ್ಲಿ ಮಾತ್ರ ಉಳಿದಿವೆ. ಚರ್ಮದ ಬೂಷ್ಟೂ ಹೋಯಿತು, ಸ್ವಲ್ಪ ಕಲೆ ಇದೆ. ಈಗ ಮಾಸ್ಕ್. ಅಂಟುವುದು ಹೋಗಲಿ ಅಂತ ಅಮ್ಮ ಕೊಬ್ಬರಿ ಎಣ್ಣೆ ಹಚ್ಚು ಅನ್ನುತ್ತಾರೆ.

ನಿವೃತ್ತ_ವಾಯುಸೈನಿಕ (ಭದ್ರಾವತಿ)
ಎಣ್ಣೆ ಬೇಡ. ಎರಡು ಕಾರಣ. ಎಣ್ಣೆ ತಾಗಿದರೆ ಹಳೆಯ ರಬ್ಬರು ಉಬ್ಬಿ ಇನ್ನೂ ಬೇಗ ಕೆಡುತ್ತದೆ. ಎರಡನೆಯದು ಹಾರಾಟದಲ್ಲಿರುವವರು ನೆನಪಿಡಬೇಕಾದದ್ದು. ಶುದ್ಧ ಆಕ್ಸಿಜನ್ ಹತ್ತಿರ ಎಣ್ಣೆ, ಗ್ರೀಸ್, ವ್ಯಾಸಲೀನ್ ಇದ್ದರೆ ಬೆಂಕಿ ಹತ್ತುತ್ತದೆ. ನಮ್ಮ ಸೆಕ್ಷನ್‌ನಲ್ಲಿ ಎಣ್ಣೆ ಕೈಯಲ್ಲಿ ಮಾಸ್ಕ್ ಮುಟ್ಟಲು ಯಾರಿಗೂ ಬಿಡುತ್ತಿರಲಿಲ್ಲ.

ಅಂಟುವ ರಬ್ಬರು ಹಿಂದಕ್ಕೆ ಬರುವುದಿಲ್ಲ. ತಣ್ಣನೆ ಸೋಪಿನ ನೀರಿನಲ್ಲಿ ಒಮ್ಮೆ ಒರೆಸಿ, ಒಣಗಿಸಿ, ಮೇಲೆ ಸ್ವಲ್ಪ ಟಾಲ್ಕಂ ಪೌಡರ್ ಸವರಿ. ಒಳಗೆ ಆಸಿಡ್ ಇಲ್ಲದ ಬಿಳಿ ಕಾಗದ ತುಂಬಿ ಆಕಾರ ನಿಲ್ಲಿಸಿ. ಮುಖ್ಯವಾಗಿ ಮಾಸ್ಕನ್ನು ಹೆಲ್ಮೆಟ್‌ಗೆ ಸಿಕ್ಕಿಸಿ ಇಡಬೇಡಿ. ಕೆಡುತ್ತಿರುವ ರಬ್ಬರು ವೈಸರ್‌ಗೆ ತಾಗಿದರೆ ಅಲ್ಲಿ ಕಲೆ ಕೂರುತ್ತದೆ. ಪಕ್ಕದಲ್ಲಿ ಬೇರೆ ಇಡಿ.

ಹುಲಿಕಲ್_ಮಳೆ (ಹೊಸನಗರ)
ಚರ್ಮಕ್ಕೂ ಎಣ್ಣೆ ಸುರಿಯಬೇಡಿ. ಜಿಡ್ಡಿಗೆ ಧೂಳು ಕೂತು ಮತ್ತೆ ಬೂಷ್ಟು. ಲೆದರ್ ಕಂಡೀಷನರ್ ಒಂದು ಚೂರು, ಬಟ್ಟೆಯಲ್ಲಿ ತೆಗೆದುಕೊಂಡು ಸವರಿದರೆ ಸಾಕು. ಸಿಲಿಕಾ ಜೆಲ್ ಬಣ್ಣ ಬದಲಾದರೆ ಹೊರಗೆ ತೆಗೆದು 110ರಿಂದ 120 ಡಿಗ್ರಿ ಓವನ್‌ನಲ್ಲಿ ಬಿಸಿ ಮಾಡಿ ಮತ್ತೆ ಬಳಸಬಹುದು. ನೀಲಿ ಹರಳು ಬೇಡ, ಅದರಲ್ಲಿ ಕೋಬಾಲ್ಟ್ ಇದೆ. ಮಕ್ಕಳಿರುವ ಕಡೆ ಕಿತ್ತಳೆ ಬಣ್ಣದ್ದು ತನ್ನಿ.

ಸೋಗಾನೆ_ರನ್‌ವೇ
ಶಾಲೆಯಲ್ಲಿ ಗಾಜಿನ ಪೆಟ್ಟಿಗೆ ಎಲ್ಲಿ ಇಡುತ್ತಾರೆ? ಕಿಟಕಿ ಎದುರಿಗೆ ಇಡುವುದಾದರೆ ಬೇಡ ಅನ್ನಿ. ಬೇಸಿಗೆಯ ಬಿಸಿಲಿಗೆ ವೈಸರ್ ಹಳದಿ ತಿರುಗುತ್ತದೆ, ಪಟ್ಟಿಯ ನೈಲಾನ್ ಸತ್ವ ಕಳೆದುಕೊಳ್ಳುತ್ತದೆ.

ತುಂಗಾ_ತೀರ (ತೀರ್ಥಹಳ್ಳಿ)
ಮುಖ್ಯೋಪಾಧ್ಯಾಯರ ಕೋಣೆಯ ಒಳಗೋಡೆಗೆ ಅಂತ ಮಾತಾಡಿದ್ದೇನೆ. ಕಿಟಕಿ ದೂರ. ಬಡಗಿಗೆ ತಳದಲ್ಲಿ ಸಿಲಿಕಾ ಇಡಲು ಒಂದು ಡ್ರಾಯರ್ ಮಾಡಲು ಹೇಳಿದೆ.

ಮೋಡದ_ಮೇಲೆ
ಅಣ್ಣ, ದೊಡ್ಡಪ್ಪನಿಗೂ ಹೇಳಿದೆ. ಇಎನ್ 966 ಹೆಲ್ಮೆಟ್ ಆರ್ಡರ್ ಮಾಡಿದೆ. ಸರ್, ಕೊನೆಯದೊಂದು ಪ್ರಶ್ನೆ. ಚಳಿಗಾಲದ ಬೆಳಿಗ್ಗೆ ಉಸಿರಿಗೆ ವೈಸರ್ ಒಳಗೆ ಮಂಜು ಕಟ್ಟುತ್ತದೆ. ಸೋಪು ಸವರಿದರೆ ಆಗುತ್ತದಾ?

ನಿವೃತ್ತ_ವಾಯುಸೈನಿಕ (ಭದ್ರಾವತಿ)
ಹೊಸ ವೈಸರ್ ಒಳಮುಖಕ್ಕೆ ಮಂಜು ತಡೆಯುವ ಲೇಪ ಇದ್ದರೆ ಏನೂ ಸವರಬೇಡಿ. ಒದ್ದೆ ಇರುವಾಗ ಒರೆಸಲೂ ಬೇಡಿ, ಆ ಲೇಪ ಆಗ ಮೆತ್ತಗಿರುತ್ತದೆ, ತಾನಾಗಿ ಒಣಗಲಿ. ಲೇಪ ಇಲ್ಲದಿದ್ದರೆ ಪಾಲಿಕಾರ್ಬೊನೇಟ್‌ಗೆ ಆಗುತ್ತದೆ ಅಂತ ಬಾಟಲಿ ಮೇಲೆ ಬರೆದಿರುವ ಆ್ಯಂಟಿಫಾಗ್ ಮಾತ್ರ ಹಾಕಿ. ಓಡಿ ಮೇಲೇರುವ ತನಕ ವೈಸರ್ ಒಂದು ಬೆರಳು ತೆರೆದಿರಲಿ. ಅಷ್ಟು ಗಾಳಿಯಾಡಿದರೆ ಮಂಜು ಕಟ್ಟುವುದಿಲ್ಲ.